ಡಬಲ್ ಮಾರ್ಕರ್ ವರದಿಯ ಲೆಕ್ಕ

ಗರ್ಭಿಣಿಗೆ ಮೂರು ತಿಂಗಳು ತುಂಬುವ ಹೊತ್ತಿಗೆ ವೈದ್ಯರು ಎನ್‌ಟಿ ಸ್ಕ್ಯಾನ್ ಜತೆಗೆ ಡಬಲ್ ಮಾರ್ಕರ್ ಎಂಬ ರಕ್ತಪರೀಕ್ಷೆಯನ್ನೂ ಬರೆದುಕೊಡುತ್ತಾರೆ. ವರದಿಯಲ್ಲಿ ‘ಡೌನ್ ಸಿಂಡ್ರೋಮ್: ಹೈ ರಿಸ್ಕ್, 1:180’ ಎಂದು ಕಂಡರೆ ಮನೆಮಂದಿಯೆಲ್ಲ ಕಂಗಾಲು. ಆ ಅಂಕಿ ಹೇಳುವುದಾದರೂ ಏನು? ಇಂಥದೇ ಫಲಿತಾಂಶ ಬಂದ 180 ಗರ್ಭಿಣಿಯರ ಪೈಕಿ ಒಬ್ಬರ ಮಗುವಿಗೆ ಈ ಸ್ಥಿತಿ ಇರಬಹುದು, ಉಳಿದ 179 ಮಕ್ಕಳಿಗೆ ಇರುವುದಿಲ್ಲ ಎಂದಷ್ಟೇ.

ನಮ್ಮ ಜೀವಕೋಶಗಳಲ್ಲಿ 23 ಜೋಡಿ ಕ್ರೋಮೋಸೋಮ್‌ಗಳಿವೆ. 21ನೆಯದು ಎರಡರ ಬದಲು ಮೂರಿದ್ದರೆ ಡೌನ್ ಸಿಂಡ್ರೋಮ್. ಪ್ಯಾರಿಸ್‌ನ ಸಂಶೋಧಕರು ಈ ಕಾರಣವನ್ನು 1959ರಲ್ಲಿ ಪ್ರಕಟಿಸಿದರು. ತಾಯಿಯ ವಯಸ್ಸು ಏರಿದಂತೆ ಇದರ ಸಾಧ್ಯತೆಯೂ ಏರುತ್ತದೆ: 20ರಲ್ಲಿ ಸುಮಾರು 1,500ಕ್ಕೆ ಒಂದು, 35ರಲ್ಲಿ 350ಕ್ಕೆ ಒಂದು, 40ರಲ್ಲಿ 100ಕ್ಕೆ ಒಂದು.

ಭ್ರೂಣದ ಕತ್ತಿನ ಹಿಂಭಾಗದಲ್ಲಿ ಚರ್ಮದಡಿ ತುಸು ದ್ರವ ಸೇರಿರುತ್ತದೆ. 11ರಿಂದ 14ನೇ ವಾರದೊಳಗೆ ಎನ್‌ಟಿ ಸ್ಕ್ಯಾನ್ ಮಾಡಿ ಅದರ ದಪ್ಪವನ್ನು ಮಿಲಿಮೀಟರ್‌ಗಳಲ್ಲಿ ಅಳೆಯುತ್ತಾರೆ. ಡೌನ್ ಸಿಂಡ್ರೋಮ್ ಇದ್ದಾಗ ಈ ದಪ್ಪ ಸಾಮಾನ್ಯವಾಗಿ ಹೆಚ್ಚು. ಆಗ ತಾಯಿಯ ರಕ್ತದಲ್ಲಿ ಪ್ಯಾಪ್-ಎ ಎಂಬ ಪ್ರೋಟೀನ್ ಸಾಮಾನ್ಯವಾಗಿ ಕಡಿಮೆಯಾಗಿ, ಬೀಟಾ ಎಚ್‌ಸಿಜಿ ಹಾರ್ಮೋನ್ ಹೆಚ್ಚಾಗಿರುತ್ತದೆ; ಡಬಲ್ ಮಾರ್ಕರ್ ಅಳೆಯುವುದು ಇವೆರಡನ್ನೇ. ಇವನ್ನೆಲ್ಲ ವಯಸ್ಸಿನೊಂದಿಗೆ ಕೂಡಿಸಿ ಕಂಪ್ಯೂಟರ್ ಒಂದು ಅಂದಾಜು ಕೊಡುತ್ತದೆ.

ಈ ಜೋಡಿ ಪರೀಕ್ಷೆ ನೂರರಲ್ಲಿ ಸುಮಾರು 90 ಪ್ರಕರಣಗಳನ್ನು ಗುರುತಿಸುತ್ತದೆ. ಜತೆಗೆ, ತೊಂದರೆಯಿಲ್ಲದ ನೂರರಲ್ಲಿ ಐವರನ್ನೂ ‘ಹೈ ರಿಸ್ಕ್’ ಪಟ್ಟಿಗೆ ಸೇರಿಸುತ್ತದೆ. 10,000 ಗರ್ಭಿಣಿಯರಲ್ಲಿ 20 ಪ್ರಕರಣಗಳಿವೆ ಎಂದುಕೊಳ್ಳಿ. ಪರೀಕ್ಷೆ 18ನ್ನು ಹಿಡಿಯುತ್ತದೆ, ಎರಡನ್ನು ಬಿಡುತ್ತದೆ. ಉಳಿದ 9,980 ಜನರಲ್ಲಿ 499 ಮಂದಿಗೂ ಅದೇ ‘ಹೈ ರಿಸ್ಕ್’ ವರದಿ ಬರುತ್ತದೆ. ಒಟ್ಟು 517 ಮಂದಿ ಗಾಬರಿಯಾದರೆ, ನಿಜವಾದ ಪ್ರಕರಣಗಳು 18 ಮಾತ್ರ.

ಮುಂದಿನ ಮೆಟ್ಟಿಲು ಎನ್‌ಐಪಿಟಿ ಎಂಬ ಇನ್ನೊಂದು ರಕ್ತಪರೀಕ್ಷೆ. ತಾಯಿಯ ರಕ್ತದಲ್ಲಿ ಭ್ರೂಣದ ಡಿಎನ್‌ಎ ತುಣುಕುಗಳಿರುವುದನ್ನು 1997ರಲ್ಲಿ ವಿಜ್ಞಾನಿ ಡೆನ್ನಿಸ್ ಲೋ ಮತ್ತು ಸಂಗಡಿಗರು ತೋರಿಸಿದ್ದರಿಂದ ಈ ಪರೀಕ್ಷೆಗೆ ದಾರಿಯಾಯಿತು. 10ನೇ ವಾರದಿಂದಲೇ ಮಾಡಿಸಬಹುದು. ನೂರರಲ್ಲಿ ಸುಮಾರು 99 ಪ್ರಕರಣಗಳನ್ನು ಪತ್ತೆ ಮಾಡುತ್ತದೆ. ಆದರೆ ಆ ತುಣುಕುಗಳು ಬರುವುದು ಮುಖ್ಯವಾಗಿ ಮಾಸಿನಿಂದ. ಮಾಸಿನಲ್ಲಿರುವ ದೋಷ ಕೆಲವೊಮ್ಮೆ ಮಗುವಿನಲ್ಲಿರುವುದಿಲ್ಲ. ಹಾಗಾಗಿ ಖಚಿತ ಉತ್ತರ ಬೇಕೆಂದರೆ ಮಾಸಿನ ಚೂರನ್ನೋ, 15 ವಾರಗಳ ನಂತರ ಗರ್ಭಜಲವನ್ನೋ ಸೂಜಿಯಿಂದ ತೆಗೆದು ಕ್ರೋಮೋಸೋಮ್‌ಗಳನ್ನು ನೋಡಬೇಕು. ಇದರಲ್ಲಿ ಗರ್ಭಪಾತದ ಸಣ್ಣ ಅಪಾಯವಿದೆ.

ಆದ್ದರಿಂದ ವರದಿ ಬಂದಾಗ ವೈದ್ಯರನ್ನು ಮೂರು ಪ್ರಶ್ನೆ ಕೇಳಿ: ನನ್ನ ಅಂಕಿ ಎಷ್ಟು? ಖಚಿತಪಡಿಸಿಕೊಳ್ಳುವ ದಾರಿ ಯಾವುದು? ಫಲಿತಾಂಶ ಏನೇ ಬಂದರೂ ಮುಂದೆ ನಮ್ಮೆದುರು ಏನೇನು ಆಯ್ಕೆಗಳಿವೆ? ಮೂರನೆಯದಕ್ಕೆ ಉತ್ತರ ಯೋಚಿಸಿದ ಮೇಲೆ, ಮುಂದಿನ ಪರೀಕ್ಷೆಯೇ ಬೇಡವೆನ್ನುವ ದಂಪತಿಗಳೂ ಇದ್ದಾರೆ. ಆ ನಿರ್ಧಾರವೂ ಅವರದೇ.