ವೆಟ್ಟರ್ನ್ ಸರೋವರಕ್ಕೊಂದು ಸೈಕಲ್ ಪ್ರದಕ್ಷಿಣೆ

ಸ್ವೀಡನ್ ದೇಶದ ದಕ್ಷಿಣಾರ್ಧದಲ್ಲಿ, ಭೂಮಿಯ ಶಿಲಾಸ್ತರವು ಅತಿ ಪ್ರಾಚೀನ ಕಾಲದಲ್ಲಿ ಬಿರಿದು ಕುಸಿದುದರಿಂದ ಉಂಟಾದ ನೀಳವಾದ ಕಂದರವೊಂದರಲ್ಲಿ, ವೆಟ್ಟರ್ನ್ ಎಂಬ ಸರೋವರವು ಉತ್ತರದಿಂದ ದಕ್ಷಿಣಕ್ಕೆ ಸುಮಾರು 135 ಕಿಲೋಮೀಟರುಗಳಷ್ಟು ಚಾಚಿಕೊಂಡಿದೆ. ಅದರ ಅಗಲ ಅತಿ ಹೆಚ್ಚೆಂದರೆ 31 ಕಿಲೋಮೀಟರು. ಆಳ ಒಂದೆಡೆ 128 ಮೀಟರುಗಳವರೆಗೆ ಇಳಿಯುತ್ತದೆ. ನೀರಿನ ನೈರ್ಮಲ್ಯವು ಸುತ್ತಣ ಪಟ್ಟಣಗಳು ತಮ್ಮ ಕುಡಿಯುವ ನೀರಿಗೆ ಈ ಸರೋವರವನ್ನೇ ನಚ್ಚಿಕೊಂಡಿರುವಷ್ಟು. ಪೂರ್ವತೀರದಲ್ಲಿ ಹೊಲಗದ್ದೆಗಳೂ ಹಳೆಯ ಮಠಗಳೂ ಇದ್ದರೆ, ಪಶ್ಚಿಮಕ್ಕೂ ಉತ್ತರಕ್ಕೂ ಪೈನ್, ಸ್ಪ್ರೂಸ್, ಬರ್ಚ್ ಮರಗಳ ಅರಣ್ಯವು ನೀರಿನ ಅಂಚಿನವರೆಗೆ ಬಂದು ನಿಂತಿದೆ. ಈ ಜಲರಾಶಿಯನ್ನು ಸುತ್ತುವರಿದ ರಸ್ತೆಗಳಲ್ಲಿ, ಪ್ರತಿ ವರ್ಷದ ಜೂನ್ ತಿಂಗಳ ನಡುವೆ, ಸಾವಿರಾರು ಮಂದಿ ಸ್ತ್ರೀಪುರುಷರು ಸೈಕಲ್ಲನ್ನೇರಿ, ರಾತ್ರಿಯೆನ್ನದೆ ಹಗಲೆನ್ನದೆ ಒಂದೇ ಸುತ್ತಿನಲ್ಲಿ ಮುನ್ನೂರಕ್ಕೂ ಮಿಕ್ಕ ಕಿಲೋಮೀಟರುಗಳನ್ನು ಕ್ರಮಿಸುತ್ತಾರೆ. ಈ ಮಹಾಯಾತ್ರೆಗೆ ಅಲ್ಲಿಯವರು ಇಟ್ಟಿರುವ ಹೆಸರು ವೆಟ್ಟರ್ನ್‌ರುಂಡನ್.

ಇದರ ಆರಂಭವಾದದ್ದು 1966ರಲ್ಲಿ. ಮೋಟಾರು ಕಾರು ಸ್ವೀಡನ್ನಿನ ಮನೆಮನೆಗೂ ಬರುತ್ತಿದ್ದ, ಸೈಕಲ್ಲು ಬಾಲಕರ ವಸ್ತುವೆಂದೂ ಕಾರು ಕೊಳ್ಳಲಾರದವರ ವಾಹನವೆಂದೂ ಹಿಂದೆ ಸರಿಯುತ್ತಿದ್ದ ಕಾಲ ಅದು. ಸರೋವರದ ಪೂರ್ವತೀರದ ಮೋಟಾಲಾ ಪಟ್ಟಣದಲ್ಲಿ ಎವರ್ಟ್ ರೀಡೆಲ್, ಸ್ಟೇನ್ ಊಲೋಫ್ ಕಾರ್ಲ್‌ಸ್ಟ್ರೋಮ್ ಎಂಬ ಇಬ್ಬರು ಕೂಡಿ ಈ ಸವಾರಿಯನ್ನು ಏರ್ಪಡಿಸಿದರು. ಮೊದಲ ವರ್ಷ ಹೊರಟವರು 334 ಜನ. ಸ್ವೀಡನ್ನಿನ ವಾಹನಸಂಚಾರವು ಆಗಿನ್ನೂ ನಮ್ಮಲ್ಲಿಯಂತೆ ರಸ್ತೆಯ ಎಡಬದಿಯಲ್ಲಿ ನಡೆಯುತ್ತಿತ್ತು; 1967ರ ಸೆಪ್ಟೆಂಬರಿನಲ್ಲಿ ಇಡೀ ದೇಶವು ಒಂದೇ ದಿನದಲ್ಲಿ ಬಲಬದಿಗೆ ಹೊರಳಿತು. ಈಗ ಸವಾರರು ಮೋಟಾಲಾದಿಂದ ದಕ್ಷಿಣಾಭಿಮುಖರಾಗಿ ಹೊರಟು, ಸರೋವರವನ್ನು ಉದ್ದಕ್ಕೂ ಬಲಗಡೆಗೆ ಇಟ್ಟುಕೊಂಡು ಸುತ್ತಿ ಬರುತ್ತಾರೆ. ಬಲಬದಿಯ ಸಂಚಾರಕ್ಕೆ ಇದು ಅತ್ಯಂತ ಅನುಕೂಲವಾದ ಕ್ರಮ. ನೀರಿನ ಕಡೆಯಿಂದ ಬಂದು ಕೂಡುವ ಅಡ್ಡರಸ್ತೆಗಳು ವಿರಳವಾದುದರಿಂದ ಅಪಾಯವೂ ಅಷ್ಟರಮಟ್ಟಿಗೆ ತಗ್ಗುತ್ತದೆ.

ಇಷ್ಟು ದೊಡ್ಡ ಸಮಾರಂಭದಲ್ಲಿ ಪ್ರಥಮ ಸ್ಥಾನವೆಂಬುದಿಲ್ಲ. ಪ್ರತಿಯೊಬ್ಬನ ಕಾಲವನ್ನು ಯಂತ್ರವು ಗುರುತು ಮಾಡಿಕೊಳ್ಳುವುದೇನೋ ನಿಜ. ನುರಿತವರು ಏಳೆಂಟು ಗಂಟೆಗಳೊಳಗೆ ಸುತ್ತು ಮುಗಿಸುತ್ತಾರೆ, ನಿಧಾನಸ್ಥರು ಒಂದು ಹಗಲನ್ನೂ ಒಂದು ರಾತ್ರಿಯನ್ನೂ ತೆಗೆದುಕೊಳ್ಳುತ್ತಾರೆ. ಆದರೆ ಸುತ್ತು ಮುಗಿಸಿದವರೆಲ್ಲರಿಗೂ ದೊರೆಯುವ ಪದಕ ಒಂದೇ. ಕ್ರೀಡೆಯೆಂದೊಡನೆ ಗೆದ್ದವನೊಬ್ಬನ ಭಾವಚಿತ್ರವನ್ನು ಪತ್ರಿಕೆಯಲ್ಲಿ ಕಾಣುವ ಅಭ್ಯಾಸವಿರುವ ನಮಗೆ ಇದು ಮೊದಲು ಸಪ್ಪೆಯಾಗಿ ತೋರೀತು. ನನಗಾದರೋ, ಅರುವತ್ತರ ಹರೆಯದ ಶಾಲಾ ಉಪಾಧ್ಯಾಯಿನಿಯೂ ಇಪ್ಪತ್ತರ ಕಟ್ಟುಮಸ್ತಿನ ತರುಣನೂ ಒಂದೇ ರಸ್ತೆಯಲ್ಲಿ, ಒಂದೇ ಇರುಳಿನಲ್ಲಿ, ಒಬ್ಬರ ಬೆನ್ನಿಗೊಬ್ಬರು ಸಾಗುವುದಕ್ಕೆ ಎಡೆಮಾಡಿಕೊಟ್ಟ ಈ ನಿಯಮವೇ ಆ ಯಾತ್ರೆಯ ಪ್ರಾಣವೆಂದು ತೋರುತ್ತದೆ.

ಹೊರಡುವ ಕ್ರಮವೂ ಅದಕ್ಕೆ ತಕ್ಕುದಾಗಿದೆ. ಎಲ್ಲರೂ ಒಮ್ಮೆಲೇ ನುಗ್ಗುವುದಿಲ್ಲ. ಶುಕ್ರವಾರದ ಸಂಜೆಯಿಂದ ಶನಿವಾರದ ಬೆಳಗಿನವರೆಗೆ, ಕೆಲವು ನಿಮಿಷಗಳಿಗೊಂದರಂತೆ, ಸಣ್ಣ ಸಣ್ಣ ತಂಡಗಳಾಗಿ ಅವರನ್ನು ಬಿಡಲಾಗುತ್ತದೆ. ಆ ಅಕ್ಷಾಂಶದಲ್ಲಿ ಜೂನ್ ತಿಂಗಳ ಸೂರ್ಯನು ರಾತ್ರಿ ಹತ್ತು ಗಂಟೆ ಕಳೆದಮೇಲೆ ಮುಳುಗಿ ನಾಲ್ಕು ಗಂಟೆಯ ಸುಮಾರಿಗೆ ಮತ್ತೆ ಮೂಡುವುದರಿಂದ ಕತ್ತಲೆಯು ಪೂರ್ತಿಯಾಗಿ ಕವಿಯುವುದೇ ಇಲ್ಲ. ಉತ್ತರದ ಆಕಾಶದ ಅಂಚಿನಲ್ಲಿ ಬೂದುಬಣ್ಣದ ಬೆಳಕೊಂದು ಇರುಳೆಲ್ಲ ಉಳಿದಿರುತ್ತದೆ. ಆದರೂ ಮುಂದಕ್ಕೊಂದು ಬಿಳಿಯ ದೀಪವೂ ಹಿಂದಕ್ಕೊಂದು ಕೆಂಪು ದೀಪವೂ ಇಲ್ಲದೆ ರಾತ್ರಿಯ ಸವಾರಿಗೆ ಅವಕಾಶವಿಲ್ಲ. ಏರುದಾರಿಯಲ್ಲಿ ದೂರದವರೆಗೆ ಆ ಕೆಂಪು ದೀಪಗಳ ಸಾಲೇ ಮುಂದಿನ ತಿರುವನ್ನು ಹಿಂದಿನವರಿಗೆ ಸೂಚಿಸುತ್ತದೆ.

ಮೋಟಾಲಾದಿಂದ ಹದಿನೈದು ಕಿಲೋಮೀಟರು ಹೋಗುವುದರೊಳಗೆ ವಾಡ್‌ಸ್ಟೇನಾ. ಸಂತ ಬಿರ್ಗಿತ್ತಾ ಹದಿನಾಲ್ಕನೆಯ ಶತಮಾನದಲ್ಲಿ ಸಂಕಲ್ಪಿಸಿದ ಮಠದ ಇಗರ್ಜಿಯೂ, ದೊರೆ ಗುಸ್ತಾವ್ ವಾಸಾ 1545ರಲ್ಲಿ ಕಟ್ಟಲು ತೊಡಗಿದ ಕೋಟೆಯರಮನೆಯೂ ಇಲ್ಲಿವೆ. ಆಮೇಲೆ ಬಯಲು ಮುಗಿದು, ಕಂದರವು ಕುಸಿದಾಗ ಕುಸಿಯದೆ ನಿಂತ ಬಂಡೆಯಾದ ಓಂಬೆರ್ಗ್ ಗಿರಿ, ತನ್ನ ಬೀಚ್ ಮರಗಳ ಕಾಡನ್ನು ಹೊತ್ತು, ಸವಾರನಿಗೂ ಸರೋವರಕ್ಕೂ ನಡುವೆ ಅಡ್ಡವಾಗಿ ನಿಲ್ಲುತ್ತದೆ. ಅದರ ಬುಡದಲ್ಲಿ 1143ರಲ್ಲಿ ಸ್ಥಾಪಿತವಾದ ಆಲ್ವಾಸ್ಟ್ರಾ ಮಠದ ಮುರಿದ ಕಮಾನುಗಳು. ಇಲ್ಲಿಂದ ದಕ್ಷಿಣಕ್ಕೆ ತೀರವು ಕಡಿದಾಗುತ್ತದೆ, ರಸ್ತೆಯು ಏರಿಳಿಯತೊಡಗುತ್ತದೆ, ನೀರು ಕೆಳಗೆ ಬಹುದೂರ ಸರಿದಂತೆ ತೋರುತ್ತದೆ. ಗ್ರೆನ್ನಾ ಪಟ್ಟಣದ ಎದುರಿಗೆ ವೀಸಿಂಗ್ಸೋ ಎಂಬ ದ್ವೀಪವಿದೆ. ವಿಸ್ಟ್ ಎಂಬ ದೈತ್ಯನು ತನ್ನ ಮಡದಿಯು ಸರೋವರವನ್ನು ದಾಟಲೆಂದು ಒಂದು ಹೆಂಟೆ ಮಣ್ಣನ್ನು ನಡುನೀರಿಗೆಸೆದನೆಂದೂ ಅದೇ ಈ ದ್ವೀಪವಾಯಿತೆಂದೂ ಅಲ್ಲಿಯ ಐತಿಹ್ಯ. ಹತ್ತೊಂಬತ್ತನೆಯ ಶತಮಾನದಲ್ಲಿ ಸ್ವೀಡನ್ನಿನ ನೌಕಾಪಡೆಯು ಮುಂದಿನ ಯುದ್ಧನೌಕೆಗಳಿಗೆ ಮರ ಬೇಕೆಂದು ಅಲ್ಲಿ ಓಕ್ ಸಸಿಗಳನ್ನು ನೆಡಿಸಿತು. ಅವು ಬಲಿತು ನಿಲ್ಲುವ ಹೊತ್ತಿಗೆ ಹಡಗುಗಳೆಲ್ಲ ಉಕ್ಕಿನವಾಗಿದ್ದುದರಿಂದ ಆ ಕಾಡು ಕೊಡಲಿಗೆ ಸಿಕ್ಕದೆ ಉಳಿಯಿತು. ಗ್ರೆನ್ನಾದ ಖ್ಯಾತಿಯಾದರೋ, 1859ರಲ್ಲಿ ಅಮಾಲಿಯಾ ಎರಿಕ್‌ಸನ್ ಎಂಬ ವಿಧವೆಯು ಹೊಟ್ಟೆಪಾಡಿಗಾಗಿ ಮಾಡಿ ಮಾರತೊಡಗಿದ ಪುದೀನದ ಘಮದ, ಕೆಂಪು ಬಿಳಿ ಪಟ್ಟೆಯ ಸಕ್ಕರೆಕಡ್ಡಿಯದು.

ಸರೋವರದ ದಕ್ಷಿಣದ ತುದಿಗೆ ಯೋನ್‌ಶೋಪಿಂಗ್ ನಗರ. ಹಿಮಯುಗದ ಮಂಜುಗಡ್ಡೆಯ ಭಾರವು ಕಳೆದಂದಿನಿಂದ ಇಲ್ಲಿಯ ನೆಲವು ಮೇಲೇಳುತ್ತಲೇ ಇದೆ. ಉತ್ತರದ ಕಡೆ ಆ ಏರಿಕೆ ಹೆಚ್ಚು, ದಕ್ಷಿಣದ ಕಡೆ ಕಡಿಮೆ. ಅದರಿಂದಾಗಿ ಸರೋವರವು ಶತಮಾನದಿಂದ ಶತಮಾನಕ್ಕೆ ಈ ನಗರದ ಕಡೆಗೆ ಬಾಗುತ್ತಿದೆ. ಲುಂಡ್‌ಸ್ಟ್ರೋಮ್ ಸೋದರರು ತಮ್ಮ ಬೆಂಕಿಕಡ್ಡಿಯ ಉದ್ಯಮವನ್ನು 1840ರ ದಶಕದಲ್ಲಿ ಆರಂಭಿಸಿದ್ದು ಇಲ್ಲಿಯೇ. ನಮ್ಮ ಮನೆಗಳ ಒಲೆಯ ಪಕ್ಕದಲ್ಲಿದ್ದ ವಿಮ್ಕೊ ಬೆಂಕಿಪೆಟ್ಟಿಗೆಯೂ ಸ್ವೀಡನ್ನಿನ ಆ ಉದ್ಯಮವು ಭಾರತದಲ್ಲಿ ನೆಟ್ಟ ಕಂಪನಿಯದೇ ಆಗಿತ್ತು. ನೆರೆಯ ಹುಸ್ಕ್‌ವಾರ್ನಾದಲ್ಲಿ ಬಂದೂಕಿನ ಕಾರ್ಖಾನೆಯು ಹೊಲಿಗೆಯಂತ್ರಕ್ಕೆ ತಿರುಗಿ, 1896ರಿಂದ ಸೈಕಲ್ಲುಗಳನ್ನೂ ತಯಾರಿಸಿತು. ಆದುದರಿಂದ ಈ ದಾರಿಗೂ ಈ ವಾಹನಕ್ಕೂ ನೆಂಟಸ್ತಿಕೆ ಸಾಕಷ್ಟು ಹಳೆಯದು. ಮೂರರಲ್ಲೊಂದು ಭಾಗ ಮುಗಿದಿರುವ ಈ ನಗರದಲ್ಲಿ ಸವಾರರಿಗೆ ಬಿಸಿಯೂಟವು ಕಾದಿರುತ್ತದೆ.

ಊಟ ಉಪಚಾರದ ಮಾತು ಬಂದುದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು. ದಾರಿಯುದ್ದಕ್ಕೂ ಮೂವತ್ತು ನಾಲ್ವತ್ತು ಕಿಲೋಮೀಟರುಗಳಿಗೊಂದು ತಂಗುದಾಣವಿದ್ದು, ಪ್ರತಿಯೊಂದನ್ನೂ ಆಯಾ ಊರಿನವರು, ಅದರಲ್ಲಿಯೂ ಸ್ಥಳೀಯ ಕ್ರೀಡಾಸಂಘಗಳ ಸದಸ್ಯರೂ ಅವರ ತಂದೆತಾಯಿಗಳೂ ಮಕ್ಕಳೂ ಸೇರಿ, ರಾತ್ರಿಯೆಲ್ಲ ಎಚ್ಚರವಾಗಿದ್ದು ನಡೆಸುತ್ತಾರೆ. ಬನ್ನು, ಬಾಳೆಹಣ್ಣು, ಕಾಫಿ, ಬೆವರಿನೊಡನೆ ಹೋದ ಉಪ್ಪನ್ನು ತುಂಬಿಕೊಡುವ ಉಪ್ಪುನೀರಿನ ಸೌತೆಕಾಯಿ. ಇವೆಲ್ಲಕ್ಕೂ ಮಿಗಿಲಾಗಿ, ಕಾಡಿನ ಬ್ಲೂಬೆರಿ ಹಣ್ಣನ್ನು ಕುದಿಸಿ, ಸಕ್ಕರೆ ಹಾಕಿ, ಆಲೂಗಡ್ಡೆಯ ಹಿಟ್ಟಿನಿಂದ ಗಟ್ಟಿಮಾಡಿದ ಬ್ಲೂಬೆರಿ ಸಾರು. ನಮ್ಮ ರಾಗಿ ಅಂಬಲಿಯ ಹದಕ್ಕೆ ಬಂದಿರುವ ಆ ನೇರಿಳೆ ಬಣ್ಣದ ದ್ರವವನ್ನು ಕಾಗದದ ಲೋಟಕ್ಕೆ ಹೊಯ್ದು ಹುಡುಗರು ಸಾಲಾಗಿ ಮೇಜಿನ ಮೇಲೆ ಇಟ್ಟಿರುತ್ತಾರೆ. ಸವಾರನು ಮೊದಲು ಎರಡು ಕೈಗಳಿಂದಲೂ ಲೋಟವನ್ನು ಹಿಡಿದು, ಮರಗಟ್ಟಿದ ಬೆರಳುಗಳಿಗೆ ಬಿಸಿ ತಾಗಿಸಿಕೊಂಡು, ಅನಂತರ ಕುಡಿಯುತ್ತಾನೆ. ಕುಡಿದವರ ತುಟಿಯ ಮೇಲೂ ಗಲ್ಲದ ಮೇಲೂ ಅದರ ಕಲೆಯು ಮುಂದಿನ ತಂಗುದಾಣದವರೆಗೆ ಉಳಿದಿರುತ್ತದೆ. ಸರೋವರವನ್ನು ಸುತ್ತುವವರ ಹೆಸರು ಪಟ್ಟಿಯಲ್ಲಿರುತ್ತದೆ, ಈ ಲೋಟಗಳನ್ನು ತುಂಬುವವರದು ಇರುವುದಿಲ್ಲ. ಆದರೆ ತೀರದ ಊರುಗಳ ಈ ಸಾವಿರಾರು ಕೈಗಳು ವರ್ಷವರ್ಷವೂ ಒದಗಿಬರದೆ ಹೋಗಿದ್ದರೆ, 1966ರ ಸಂಕಲ್ಪವು ಇಬ್ಬರ ಹುಮ್ಮಸ್ಸಾಗಿಯೇ ಮುಗಿದುಹೋಗುತ್ತಿತ್ತು.

ಗಾಳಿಯನ್ನು ಎದುರಿಸುವುದರಲ್ಲಿಯೂ ಸಹಕಾರವೇ ಆಧಾರ. ಯೋನ್‌ಶೋಪಿಂಗಿನಿಂದ ಉತ್ತರಕ್ಕೆ ತಿರುಗಿದ ಮೇಲೆ, ಎದುರುಗಾಳಿ ಎದ್ದ ವರ್ಷವಂತೂ, ಒಂಟಿಯಾಗಿ ತುಳಿಯುವವನು ಬೇಗನೆ ಬಸವಳಿಯುತ್ತಾನೆ. ಅದಕ್ಕಾಗಿ ಹತ್ತು ಹನ್ನೆರಡು ಮಂದಿ ಒಬ್ಬರ ಹಿಂಚಕ್ರಕ್ಕೆ ಇನ್ನೊಬ್ಬರ ಮುಂಚಕ್ರವು ಗೇಣಿನಷ್ಟು ದೂರದಲ್ಲಿರುವಂತೆ ಸಾಲುಗೂಡುತ್ತಾರೆ. ಮುಂದಿನವನು ಗಾಳಿಯನ್ನು ಸೀಳುತ್ತಾನೆ, ಹಿಂದಿನವರು ಅವನ ಮರೆಯಲ್ಲಿ ಕಡಿಮೆ ಶ್ರಮದಿಂದ ಸಾಗುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಅವನು ಪಕ್ಕಕ್ಕೆ ಸರಿದು ಸಾಲಿನ ಕೊನೆಗೆ ಇಳಿಯುತ್ತಾನೆ, ಎರಡನೆಯವನು ಮುಂದಾಳಾಗುತ್ತಾನೆ. ರಸ್ತೆಯಲ್ಲಿ ಗುಂಡಿ ಕಂಡರೆ ಮುಂದಿನವನು ಕೈಯನ್ನು ಕೆಳಗೆ ಚಾಚಿ ತೋರಿಸುತ್ತಾನೆ. ಆ ಸಂಜ್ಞೆಯು ಒಬ್ಬರಿಂದ ಒಬ್ಬರಿಗೆ ಕೊನೆಯವರೆಗೂ ಸಾಗುತ್ತದೆ. ಒಬ್ಬರನ್ನೊಬ್ಬರು ಎಂದೂ ಕಾಣದವರೇ ಹೀಗೆ ದಾರಿಯಲ್ಲಿ ಒಂದಾಗುತ್ತಾರೆ.

ಪಶ್ಚಿಮತೀರದಲ್ಲಿ ರಸ್ತೆಯು ಬಹುದೂರ ಕಾಡಿನೊಳಗೆ ಹಾಯುವುದರಿಂದ ನೀರು ಕಾಣುವುದೇ ಅಪೂರ್ವ. ಬಿಳಿಯ ಮರದ ಮನೆಗಳ, ಕುಸುರಿಗೆಲಸದ ಜಗಲಿಗಳ ಯೂ ಎಂಬ ಪುಟ್ಟ ಪಟ್ಟಣವನ್ನು ದಾಟಿದರೆ ಕಾರ್ಲ್ಸ್‌ಬೋರ್ಗ್. ಯುದ್ಧಕಾಲದಲ್ಲಿ ರಾಜಧಾನಿಯನ್ನೇ ಇಲ್ಲಿಗೆ ಸಾಗಿಸಬಹುದೆಂದು 1819ರಲ್ಲಿ ಕಟ್ಟತೊಡಗಿದ ಮಹಾದುರ್ಗವು ಇಲ್ಲಿದೆ. ಅಲ್ಲಿಂದಾಚೆಗೆ ಟೀವೇಡನ್ ಅರಣ್ಯದ ಅಂಚು. ಹಿಂದೆ ಕಳ್ಳರ ಭಯಕ್ಕೆ ಹೆಸರಾಗಿದ್ದ ಈ ಕಾಡಿನ ಒಂದು ಭಾಗವು 1983ರಿಂದ ರಾಷ್ಟ್ರೀಯ ಉದ್ಯಾನ. ಹಾವಸೆ ಹಿಡಿದ ಹೆಬ್ಬಂಡೆಗಳೂ ಅವುಗಳ ಬಿರುಕಿನಿಂದಲೇ ಎದ್ದ ಪೈನ್ ಮರಗಳೂ ದಾರಿಯ ಎರಡು ಮಗ್ಗುಲಿಗೆ, ಮನೆಗಳು ವಿರಳ. ಇನ್ನೂರು ಕಿಲೋಮೀಟರು ದಾಟಿದ ಕಾಲುಗಳಿಗೆ ಈ ಭಾಗವೇ ಕಠಿನವಾದರೂ, ಇಡೀ ದಾರಿಯಲ್ಲಿ ಇದಕ್ಕಿಂತ ಸುಂದರವಾದ ಭಾಗ ಬೇರೊಂದಿಲ್ಲವೆಂದು ನನ್ನ ಮತ.

ಸರೋವರದ ಉತ್ತರತೀರದ ಊಲ್ಸ್‌ಹಮ್ಮಾರ್ ಎಂಬಲ್ಲಿ 1859ರಲ್ಲಿ ಕವಿ ವೆರ್ನರ್ ಫಾನ್ ಹೇಡನ್‌ಸ್ಟಾಮ್ ಹುಟ್ಟಿದನು. ಪೂರ್ವತೀರದಲ್ಲಿ ತಾನೇ ಕಟ್ಟಿಸಿಕೊಂಡ ಓವ್ರಾಲೀಡ್ ಎಂಬ ಮನೆಯಲ್ಲಿ 1940ರಲ್ಲಿ ತೀರಿಕೊಂಡನು. ಸ್ವೀಡಿಷ್ ಅಕಾಡೆಮಿಯ ಸದಸ್ಯನಾಗಿದ್ದ ಅವನು 1913ರಲ್ಲಿ ನಮ್ಮ ರವೀಂದ್ರನಾಥ ಠಾಕೂರರ ಗೀತಾಂಜಲಿಯನ್ನು ಓದಿ, ನೊಬೆಲ್ ಪಾರಿತೋಷಕವು ಅವರಿಗೇ ಸಲ್ಲಬೇಕೆಂದು ಹೃತ್ಪೂರ್ವಕವಾಗಿ ಬೆಂಬಲಿಸಿದವನು. 1916ರ ಪಾರಿತೋಷಕವು ಅವನಿಗೇ ಬಂದಿತು. ಸರೋವರದ ಉತ್ತರದ ಕೊಲ್ಲಿಯನ್ನು ದಾಟಿಸುವ ಹಮ್ಮಾರ್‌ಸುಂಡ್ ಸೇತುವೆಯು ಕಮಾನಾಗಿ ಎತ್ತರಕ್ಕೇರಿರುವುದರಿಂದ, ಅದುವರೆಗೆ ಕಾಡಿನಲ್ಲಿ ಮುಚ್ಚಿಹೋಗಿದ್ದ ನೀರೆಲ್ಲವೂ ಅಲ್ಲಿ ಒಮ್ಮೆಗೇ ಕಣ್ಣಿಗೆ ಬೀಳುತ್ತದೆ. ಮುಂದೆ 1678ರಿಂದ ಆರೋಗ್ಯಸ್ನಾನಕ್ಕೆ ಹೆಸರಾದ ಮೇದೇವಿಯ ಬುಗ್ಗೆ, ಅದನ್ನು ಬಿಟ್ಟರೆ ಮೋಟಾಲಾ.

ಈಚೆಗೆ ದಾರಿಯಲ್ಲಿ ಕೆಲವು ಮಾರ್ಪಾಡುಗಳಾಗಿ ಸುತ್ತಿನ ಉದ್ದವು 315 ಕಿಲೋಮೀಟರು ಆಗಿದೆ. ಅಷ್ಟನ್ನು ತುಳಿಯಲಾರದವರಿಗೆ 150 ಕಿಲೋಮೀಟರುಗಳ ಚಿಕ್ಕ ಸುತ್ತೊಂದು ಬೇರೆ ಇದೆ. ತೊಂಬತ್ತು ಕಿಲೋಮೀಟರುಗಳ ಹಿಮಜಾರಾಟ, ನದಿಯಲ್ಲಿ ಮೂರು ಕಿಲೋಮೀಟರುಗಳ ಈಜು, ಮೂವತ್ತು ಕಿಲೋಮೀಟರುಗಳ ಕಾಡಿನ ಓಟ, ಇವುಗಳೊಡನೆ ಈ ಸುತ್ತನ್ನೂ ಹನ್ನೆರಡು ತಿಂಗಳೊಳಗೆ ಪೂರೈಸಿದವರಿಗೆ ಸ್ವೀಡನ್ನಿನಲ್ಲಿ ವಿಶೇಷ ಮನ್ನಣೆಯುಂಟು.

ಸಮಾರಂಭದ ಸಂದಣಿ ಬೇಡವೆನ್ನುವವರು ಆಗಸ್ಟ್ ತಿಂಗಳಲ್ಲಿ, ಕಾಡಿನಲ್ಲಿ ಬ್ಲೂಬೆರಿ ಹಣ್ಣಾಗಿರುವಾಗ, ಐದಾರು ದಿನಗಳ ಅವಕಾಶ ಮಾಡಿಕೊಂಡು ಇದೇ ದಾರಿಯನ್ನು ಸುತ್ತುವುದು ಉತ್ತಮ. ಯಾರ ನೆಲವಾದರೂ ಸರಿಯೆ, ಹಾನಿ ಮಾಡದೆ, ಮನೆಗಳಿಂದ ದೂರದಲ್ಲಿ ಒಂದಿರುಳು ಡೇರೆ ಹಾಕುವುದಕ್ಕೂ ಕಾಡಿನ ಹಣ್ಣು ಕೀಳುವುದಕ್ಕೂ ಆ ದೇಶದಲ್ಲಿ ಸರ್ವರಿಗೂ ಹಕ್ಕುಂಟು. ಕಾರ್ಲ್ಸ್‌ಬೋರ್ಗಿನಿಂದಾಚೆಗೆ ಅಂಗಡಿಗಳು ವಿರಳವಾದುದರಿಂದ, ಎರಡು ಟ್ಯೂಬು, ಗಾಳಿ ಪಂಪು, ಚೈನಿನ ಒಂದೆರಡು ಕೊಂಡಿ, ಒಂದು ಹೊತ್ತಿನ ಊಟ, ಇಷ್ಟನ್ನು ಯೂ ಪಟ್ಟಣದಲ್ಲಿಯೇ ಕೂಡಿಸಿ ಚೀಲಕ್ಕೆ ಹಾಕಿಕೊಂಡು ಹೊರಡಬೇಕು.