ಅತಿಶೀತದಲ್ಲಿ ತಂತಿಯ ತಾಳಿಕೆ

ಲೋಹದ ತಂತಿಯಲ್ಲಿ ಹರಿಯುವ ವಿದ್ಯುತ್ತು ತಡೆಗೆ ಸಿಲುಕಿ ತನ್ನ ಶಕ್ತಿಯ ಒಂದಂಶವನ್ನು ಶಾಖವಾಗಿ ಕಳೆದುಕೊಳ್ಳುವುದು ಸರ್ವವಿದಿತ. 1911ರಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ ವಿಜ್ಞಾನಿ ಕಾಮರ್ಲಿಂಗ್ ಒನ್ನೆಸ್ ಅವರು ಪಾದರಸವನ್ನು ಸೊನ್ನೆಗಿಂತ 269 ಡಿಗ್ರಿ ಸೆಲ್ಸಿಯಸ್ ಕೆಳಗಿನ ಶೈತ್ಯಕ್ಕೆ ಒಯ್ದಾಗ ಆ ತಡೆಯು ಒಮ್ಮೆಲೇ ಇಲ್ಲವಾಯಿತು. ಈ ಗುಣಕ್ಕೆ ಅತಿವಾಹಕತೆಯೆಂದು ಹೆಸರು.

ಪ್ರಬಲ ವಿದ್ಯುತ್ಕಾಂತಗಳ ನಿರ್ಮಾಣಕ್ಕೆ ಒದಗುವ ಅತಿವಾಹಕಗಳಲ್ಲಿ ನಯೋಬಿಯಂ ಮತ್ತು ತವರಗಳ ಸಂಯುಕ್ತವು ಮುಖ್ಯವಾದುದು. ಆದರೆ ಅದು ಗಾಜಿನಂತೆ ಬಗ್ಗಿಸಿದರೆ ಒಡೆಯುವ ವಸ್ತು. ಆದಕಾರಣ ಆ ಲೋಹಗಳನ್ನು ತಾಮ್ರದೊಡನೆ ಬಿಡಿಬಿಡಿಯಾಗಿಯೇ ಸೇರಿಸಿ ತಂತಿಯೆಳೆದು, ಸುರುಳಿ ಸುತ್ತಿದ ತರುವಾಯ ಸುಮಾರು 650 ಡಿಗ್ರಿ ಶಾಖದಲ್ಲಿ ಕಾಯಿಸಿ ಸಂಯುಕ್ತವನ್ನು ಪಡೆಯುವುದು ವಾಡಿಕೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆ ಈ ತಂತಿಗೂ ಸಲ್ಲುತ್ತದೆ.

ಅನಂತರ ಅತಿಶೀತಕ್ಕೆ ಇಳಿಸಿದಾಗ ಸುತ್ತಲಿನ ತಾಮ್ರವು ಹೆಚ್ಚು ಕುಗ್ಗಿ ಒಳಗಿನ ಎಳೆಗಳನ್ನು ಅದುಮುತ್ತದೆ. ಹರಳಿನಲ್ಲಿ ಪರಮಾಣುಗಳ ಜೋಡಣೆ ಕಿಂಚಿತ್ ವ್ಯತ್ಯಾಸಗೊಂಡು, ತಡೆಯಿಲ್ಲದೆ ಸಾಗಬಲ್ಲ ವಿದ್ಯುತ್ತಿನ ಪ್ರಮಾಣ ಇಳಿಯುತ್ತದೆ. ಇಂತಹ ತಂತಿಯನ್ನು ಮೆಲ್ಲನೆ ಎಳೆದರೆ ಅದುಮಿದ್ದು ಸಡಿಲಗೊಂಡು ಸಾಮರ್ಥ್ಯ ಮೊದಲು ಏರುತ್ತದೆ. ಎಳೆತ ಮಿತಿಮೀರಿದರೆ ಮತ್ತೆ ಇಳಿಯುತ್ತದೆ. ಎಳೆಗಳು ಬಿರಿಯುವ ತನಕ ಈ ಹಾನಿ ತಾತ್ಕಾಲಿಕ. ಬಿರಿದ ಮೇಲೆ ಶಾಶ್ವತ. ಮೀಟರಿಗೆ ಕೆಲವೇ ಮಿಲಿಮೀಟರುಗಳ ಹಿಗ್ಗು ಕುಗ್ಗುಗಳಲ್ಲಿ ಇದೆಲ್ಲವೂ ನಡೆದುಹೋಗುತ್ತದೆ. ಈ ಸಂಬಂಧವನ್ನು 1980ರಲ್ಲಿ ಅಮೆರಿಕದ ಜ್ಯಾಕ್ ಈಕಿನ್ ಅವರು ಸೂತ್ರರೂಪಕ್ಕೆ ತಂದರು.

ಸೂರ್ಯನಂತೆ ಪರಮಾಣು ಬೀಜಗಳನ್ನು ಬೆಸೆದು ಶಕ್ತಿ ಪಡೆಯುವ ‘ಇಟರ್’ ಎಂಬ ಮಹಾಯಂತ್ರವು ದಕ್ಷಿಣ ಫ್ರಾನ್ಸಿನಲ್ಲಿ ನಿರ್ಮಾಣವಾಗುತ್ತಿದೆ. ಭಾರತವೂ 2005ರಿಂದ ಅದರ ಪಾಲುದಾರ. ಅದರ ನಡುವಣ ಕಾಂತಸುರುಳಿಗೆ ನೂರಾರು ತಂತಿಗಳನ್ನು ಹೊಸೆದ ಹಗ್ಗವೇ ಆಧಾರ. ವಿದ್ಯುತ್ತು ಹರಿದಾಗಲೆಲ್ಲ ಕಾಂತಬಲವು ಪ್ರತಿಯೊಂದು ತಂತಿಯನ್ನೂ ಪಕ್ಕಕ್ಕೆ ತಳ್ಳಿ ಬಾಗಿಸುತ್ತದೆ. 2010ರ ಸುಮಾರಿಗೆ ಸ್ವಿಟ್ಜರ್ಲೆಂಡಿನ ವಿಲಿಗನ್ ಪ್ರಯೋಗಶಾಲೆಯಲ್ಲಿ ಮಾದರಿಗಳನ್ನು ಪರೀಕ್ಷಿಸಿದಾಗ, ಇಂತಹ ಸಾವಿರಾರು ಆವರ್ತಗಳ ತರುವಾಯ ಸಾಮರ್ಥ್ಯವು ಕುಂದುತ್ತಲೇ ಹೋದುದು ಕಂಡುಬಂದಿತು. ಹತ್ತಾರು ಸಾವಿರ ಬಾರಿ ದುಡಿಯಬೇಕಾದ ಯಂತ್ರಕ್ಕೆ ಇದು ಅಳಿವು ಉಳಿವಿನ ಪ್ರಶ್ನೆ.

ಪರಿಹಾರ ದೊರೆತುದು ಹೊಸ ಲೋಹದಲ್ಲಲ್ಲ, ಹೊಸೆಯುವ ಕ್ರಮದಲ್ಲಿ. ಹುರಿಯ ಸುತ್ತುಗಳನ್ನು ಒತ್ತೊತ್ತಾಗಿಸಿದಾಗ ತಂತಿಗಳು ಒಂದಕ್ಕೊಂದು ಆಸರೆಯಾಗಿ ನಿಂತವು. ಬಾಗುವಿಕೆ ತಗ್ಗಿ ಸಾಮರ್ಥ್ಯವು ಸ್ಥಿರವಾಯಿತು. ಹಗ್ಗ ಹೊಸೆಯುವವನು ಬಲ್ಲ ಹುರಿಯ ಬಿಗಿಯೇ ಈ ಮಹಾಯಂತ್ರಕ್ಕೂ ಒದಗಿಬಂದಿತು.