ಮೆಟ್ನರ್‌ಗೆ ಆಸರೆಯಾದ ಮೈಸೂರು ಅರಸರು

ಪಶ್ಚಿಮದಲ್ಲಿ ಎಡಕುಮೇರಿಯ ದಟ್ಟ ಕಾಡುಗಳತ್ತ ಚಾಚಿಕೊಂಡಿದ್ದ ಮೈಸೂರು ಸಂಸ್ಥಾನದ ಕೊನೆಯ ಅರಸರು ಜಯಚಾಮರಾಜ ಒಡೆಯರ್ (1919-1974). ದಸರಾ ಅಂಬಾರಿಯ ದೊರೆಯೆಂದೋ, 'ಶ್ರೀವಿದ್ಯಾ' ಅಂಕಿತದ 94 ಸಂಸ್ಕೃತ ಕೃತಿಗಳ ವಾಗ್ಗೇಯಕಾರರೆಂದೋ ನಾವು ಅವರನ್ನು ಸ್ಮರಿಸುತ್ತೇವೆ. ಪಾಶ್ಚಾತ್ಯ ಸಂಗೀತ ಲೋಕ ಅವರನ್ನು ನೆನೆಯುವುದು ಬೇರೊಂದು ಕಾರಣಕ್ಕೆ.

ಒಡೆಯರ್ ಅವರಿಗೆ ಪಿಯಾನೊ ವಾದಕರಾಗುವ ಹಂಬಲವಿತ್ತು. 1940ರಲ್ಲಿ ತಂದೆ ಕಂಠೀರವ ನರಸಿಂಹರಾಜ ಒಡೆಯರ್, ಕೆಲವೇ ತಿಂಗಳುಗಳಲ್ಲಿ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲವಾದರು. ಸಿಂಹಾಸನದ ಹೊಣೆ ಹೆಗಲೇರಿತು. ಹಂಬಲ ಅಲ್ಲಿಗೇ ನಿಂತಿತು. ಆದರೆ ಕಿವಿ ನಿಲ್ಲಲಿಲ್ಲ. ಮೈಸೂರು ವಾಸುದೇವಾಚಾರ್ಯರಲ್ಲಿ ಕರ್ನಾಟಕ ಸಂಗೀತವನ್ನು ಕಲಿಯುತ್ತಲೇ ಅವರು ವಿದೇಶಿ ಧ್ವನಿಮುದ್ರಿಕೆಗಳನ್ನು ಸಂಗ್ರಹಿಸಿದರು.

ಹೀಗೆ ಅವರ ಮನಸೂರೆಗೊಂಡವರು ನಿಕೋಲಾಯ್ ಮೆಟ್ನರ್. 1880ರಲ್ಲಿ ಮಾಸ್ಕೋದಲ್ಲಿ ಜನಿಸಿದ ಈ ಸಂಯೋಜಕ, ರಾಖ್ಮನಿನಾಫ್‌ರ ಆಪ್ತಮಿತ್ರ. ಕ್ರಾಂತಿಯ ಬಳಿಕ 1921ರಲ್ಲಿ ರಷ್ಯಾ ತೊರೆದು, ಕೊನೆಗೆ ಲಂಡನ್ನಿನಲ್ಲಿ ನೆಲೆಸಿದರು. ಹೊಸ ಶೈಲಿಗಳಿಗೆ ಮನಸೋಲದ ಅವರ ಸಂಗೀತವನ್ನು ಕಾಲ ಹಳತೆಂದು ಬದಿಗಿಟ್ಟಿತ್ತು. ಬಡತನದ ಜೊತೆಗೆ ಹೃದ್ರೋಗವೂ ಕಾಡುತ್ತಿತ್ತು. ಇಂಥವರ ಕೃತಿಗಳಿಗೆ ಯಾವ ಗ್ರಾಮಫೋನ್ ಕಂಪೆನಿ ತಾನೇ ಹಣ ಹೂಡೀತು? 78 ಸುತ್ತಿನ ತಟ್ಟೆಯ ಒಂದು ಬದಿಗೆ ಹಿಡಿಸುತ್ತಿದ್ದುದು ನಾಲ್ಕೈದು ನಿಮಿಷ ಮಾತ್ರ. ಒಂದು ಕಂಚೆರ್ಟೊಗೆ ಹಲವು ತಟ್ಟೆಗಳೇ ಬೇಕು.

ಆ ವೆಚ್ಚವನ್ನು ಮೈಸೂರು ವಹಿಸಿಕೊಂಡಿತು. ಅರಸರ ನೆರವಿನಿಂದ ಎಚ್‌ಎಂವಿ ಮೆಟ್ನರ್ ಅವರಿಂದಲೇ ನುಡಿಸಿಸಿ ಮೂರು ಸಂಪುಟಗಳನ್ನು ಹೊರತಂದಿತು. ಮೂರು ಪಿಯಾನೊ ಕಂಚೆರ್ಟೊಗಳಲ್ಲಿ ಜೊತೆ ನೀಡಿದ್ದು ವಾಲ್ಟರ್ ಲೆಗ್ 1945ರಲ್ಲಿ ಕಟ್ಟಿದ ಫಿಲ್‌ಹಾರ್ಮೋನಿಯ ವಾದ್ಯವೃಂದ. ಮೂರನೆಯ ಕಂಚೆರ್ಟೊವನ್ನು ಮೆಟ್ನರ್ ಮೈಸೂರು ಮಹಾರಾಜರಿಗೇ ಅರ್ಪಿಸಿದರು. ಅರಮನೆಯ ದಾನ ಎಂದರೆ ದೇವಾಲಯ, ಛತ್ರಗಳನ್ನಷ್ಟೇ ನೆನೆಯುವ ನಮಗೆ ಇದು ವಿಚಿತ್ರವೆನಿಸಬಹುದು.

ಫಿಲ್‌ಹಾರ್ಮೋನಿಯಕ್ಕೂ ಅರಸರು ಧನಸಹಾಯ ನೀಡಿದರು. ಜರ್ಮನ್ ಸಂಯೋಜಕ ರಿಚರ್ಡ್ ಸ್ಟ್ರಾಸ್‌ರ 'ನಾಲ್ಕು ಅಂತಿಮ ಗೀತೆಗಳು' 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಮೊದಲ ಬಾರಿ ಕೇಳಿಬಂದಾಗ, ಕರ್ಸ್ಟನ್ ಫ್ಲಾಗ್‌ಸ್ಟಾಡ್ ಹಾಡಿದರು, ಫುರ್ಟ್‌ವೆಂಗ್ಲರ್ ವೃಂದವನ್ನು ನಿರ್ದೇಶಿಸಿದರು. ಕಛೇರಿಗೆ ಹಣಕಾಸಿನ ಭರವಸೆ ಮೈಸೂರಿನದು. ಅರಸರು ಸ್ವತಃ ಹೋಗಲಾಗಲಿಲ್ಲ. ಅವರಿಗಾಗಿ ಅದನ್ನು ಮುದ್ರಿಸಿ ಕಳುಹಿಸಲಾಯಿತು.

ಅಷ್ಟರಲ್ಲಿ ಸಂಸ್ಥಾನ ಭಾರತ ಗಣರಾಜ್ಯದಲ್ಲಿ ಸೇರಿ, ಒಡೆಯರ್ ರಾಜಪ್ರಮುಖರಾಗಿದ್ದರು. ಮರುವರ್ಷ, 1951ರ ನವೆಂಬರ್‌ನಲ್ಲಿ ಮೆಟ್ನರ್ ಲಂಡನ್ನಿನಲ್ಲಿ ನಿಧನರಾದರು. ಅವರೇ ನುಡಿಸಿದ ಆ ಕಂಚೆರ್ಟೊಗಳು ಮುಂದೆ ಸಿ.ಡಿ.ಗಳಾಗಿ ಮತ್ತೆ ಹೊರಬಂದವು.